ನಾಲ್ಕು ಗಂಟೆಯ ಬಿಸಿಲಲ್ಲಿ ನೋಡಬೇಕಾದ ಚಿತ್ರ

ಮಣಿನಗರ ಸ್ಟೇಷನ್ನಿಗೆ ಹತ್ತಿರದ ಗಲ್ಲಿಯಲ್ಲಿ ಗೆಳೆಯನ ಮನೆ. ಬೆಳಗಿನ ಉಪ್ಪಿಟ್ಟು ಮುಗಿಸಿ, ‘ಇವತ್ತು ಒಬ್ಬ ಫ್ರೆಂಚ್ ಚಿತ್ರಕಾರನನ್ನು ನೋಡಿಕೊಂಡು ಬರ್ತೀನಿ’ ಎಂದೆ. ಮೂವತ್ತು ವರ್ಷದಿಂದ ಇಲ್ಲೇ ಬೇರೂರಿರುವ ಆತ ಚಹಾದ ಲೋಟ ಕೆಳಗಿಟ್ಟ. ‘ಅಹಮದಾಬಾದಿನಲ್ಲಿ ಫ್ರೆಂಚ್ ಚಿತ್ರವಾ? ಎಲ್ಲಿದೆಯೋ ಮಾರಾಯ?’

‘ಆಶ್ರಮ ರೋಡಿನಲ್ಲಿ. ನೀನು ದಿನಾ ಆಫೀಸಿಗೆ ಅದರ ಮುಂದೆಯೇ ಹೋಗ್ತೀಯ.’

ಆತ ನಂಬಲಿಲ್ಲ. ನಾನು ಚೀಲ ಹೆಗಲಿಗೇರಿಸಿದೆ.

ಮೊದಲು ಸಿಕ್ಕಿದ್ದು ಕಾಂಕರಿಯಾ ಕೆರೆ. ಸುಲ್ತಾನ ಕುತ್ಬುದ್ದೀನ್ 1451ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಈ ಕೆರೆ ದೂರದಿಂದ ದುಂಡಗೆ ಕಾಣುತ್ತದೆ. ಆದರೆ ಅದಕ್ಕೆ ಮೂವತ್ತನಾಲ್ಕು ಬದಿಗಳು. ಸುತ್ತಲೂ ಮೆಟ್ಟಿಲು, ನಡುನೀರಿನಲ್ಲಿ ನಗೀನಾವಾಡಿಯ ತೋಟ. ಅಲ್ಲಿಂದ ಕಾಂಕರಿಯಾ ಈಸ್ಟ್ ಮೆಟ್ರೊ. ರೈಲು ಹಳೇ ಊರಿನ ಅಡಿಯಲ್ಲಿ ಕಾಲುಪುರ, ಘೀಕಾಂಟಾ, ಶಾಹಪುರ ದಾಟಿ, ಒಮ್ಮೆಲೆ ಬೆಳಕಿಗೆ ಬಂದು, ಸಾಬರಮತಿಯ ಮೇಲೆ ಹಾದು ಓಲ್ಡ್ ಹೈಕೋರ್ಟ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಗಿರಣಿಗಳ ಹೊಗೆಗೊಳವೆ, ಕಾರ್ಮಿಕರ ವಠಾರಗಳೆಲ್ಲ ಇದ್ದದ್ದು ಹೊಳೆಯ ಪೂರ್ವಕ್ಕೆ. ಗಿರಣಿ ಮಾಲೀಕರು ತಮ್ಮ ಸಭಾಭವನವನ್ನು ಕಟ್ಟಿಸಿಕೊಂಡದ್ದು ಪಶ್ಚಿಮ ದಡದಲ್ಲಿ. ನಾನು ಹುಡುಕಿಕೊಂಡು ಬಂದದ್ದು ಅದನ್ನೇ: ಅಹಮದಾಬಾದ್ ಟೆಕ್ಸ್‌ಟೈಲ್ ಮಿಲ್ಸ್ ಅಸೋಸಿಯೇಷನ್, ಜನರ ಬಾಯಲ್ಲಿ ‘ಆತ್ಮಾ ಹೌಸ್’. ಕಟ್ಟಿದ ವರ್ಷ 1954.

ನೋಡಿದ ಕೂಡಲೇ ನಿರಾಸೆಯಾಯಿತು. ಬೆಳಗಿನ ಹತ್ತೂವರೆಗೆ ಪಶ್ಚಿಮದ ಮುಖವೆಲ್ಲ ನೆರಳಲ್ಲಿತ್ತು. ಗಿಲಾವು ಕಾಣದ, ಅಚ್ಚಿನ ಹಲಗೆಯ ಗುರುತು ಹಾಗೇ ಉಳಿದ ಬೂದು ಕಾಂಕ್ರೀಟು. ಓರೆಯಾಗಿ ನಿಲ್ಲಿಸಿದ ಅಡ್ಡಗೋಡೆಗಳ ಸಾಲು. ರಸ್ತೆಯಿಂದ ನೇರ ಮೊದಲ ಮಹಡಿಗೆ ಏರುವ ಉದ್ದನೆಯ ಇಳಿಜಾರು. ಕಾವಲಿನ ಕಾಕಾ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಿರಬೇಕು. ಈಗ ಒಳಗೆ ನೋಡಿ, ಹೊರಗಿನದನ್ನು ನೋಡುವುದಾದರೆ ನಾಲ್ಕು ಗಂಟೆಯ ಮೇಲೆ ಬನ್ನಿ ಎಂದು ಗುಜರಾತಿ ಬೆರೆತ ಹಿಂದಿಯಲ್ಲಿ ಹೇಳಿದರು.

ಇದನ್ನು ರೂಪಿಸಿದ ಲೆ ಕಾರ್ಬ್ಯೂಸಿಯೆಯನ್ನು ನಾವು ವಾಸ್ತುಶಿಲ್ಪಿ ಎಂದೇ ಬಲ್ಲೆವು. ಆತ ತನ್ನನ್ನು ಚಿತ್ರಕಾರನೆಂದೂ ಎಣಿಸಿಕೊಂಡಿದ್ದ. 1887ರಲ್ಲಿ ಸ್ವಿಟ್ಜರ್‌ಲೆಂಡಿನ ಗಡಿಯಾರದ ಊರು ಲಾ ಶೋ-ದ-ಫೋಂನಲ್ಲಿ ಹುಟ್ಟಿದ ಷಾರ್ಲ್-ಎದುವಾರ್ ಜಾನರೆ, ಮೊದಲು ಕಲಿತದ್ದು ಗಡಿಯಾರದ ಮುಚ್ಚಳದ ಮೇಲೆ ಕೆತ್ತುವ ಕೆಲಸ. 1917ರಲ್ಲಿ ಪ್ಯಾರಿಸಿಗೆ ಬಂದ. ಮುಂದೆ 1930ರಲ್ಲಿ ಫ್ರಾನ್ಸಿನ ಪ್ರಜೆಯೇ ಆದ. ಗೆಳೆಯ ಒಜಾಂಫಾನ ಜೊತೆ ಸೇರಿ, ಸೀಸೆ, ಲೋಟ, ಗಿಟಾರುಗಳಂಥ ದಿನಬಳಕೆಯ ವಸ್ತುಗಳನ್ನು ಶುದ್ಧ ಆಕಾರಗಳಾಗಿ ಬಿಡಿಸುವ ‘ಪ್ಯೂರಿಸಂ’ ಎಂಬ ಪಂಥ ಹುಟ್ಟುಹಾಕಿದ. 1918ರ ಆತನ ಮೊದಲ ಮುಖ್ಯ ಚಿತ್ರದಲ್ಲಿ ಇರುವುದಿಷ್ಟೇ: ಅಗ್ಗಿಷ್ಟಿಕೆಯ ಮೇಲಿನ ಕಟ್ಟೆ, ಎರಡು ಪುಸ್ತಕ, ಒಂದು ಬಿಳಿಯ ಘನ. ಆ ಕಾಲದಲ್ಲೇ ಆತನ ಎಡಗಣ್ಣಿನ ದೃಷ್ಟಿ ಹೋಯಿತು. ಆದರೂ ಬೆಳಗಿನ ಹೊತ್ತು ಕುಂಚ, ಮಧ್ಯಾಹ್ನದ ಮೇಲೆ ಕಚೇರಿ ಎಂಬ ಶಿಸ್ತನ್ನು ಕೊನೆತನಕ ಬಿಡಲಿಲ್ಲ. ಬರಬರುತ್ತಾ ಸೀಸೆ-ಲೋಟಗಳ ಜಾಗಕ್ಕೆ ಚಿಪ್ಪು, ಮೂಳೆ, ಬೇರು, ಹೆಂಗಸರು ಬಂದರು. ಭಾರತಕ್ಕೆ ಬಂದ ವರ್ಷಗಳಲ್ಲಿ ಗೂಳಿಗಳೂ ಬಂದವು. ಗೆರೆಗಳು ಬಳುಕಲು ಕಲಿತವು.

ನಮ್ಮ ಉಡುಪಿ ಕಡೆಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಪ್ಯಾರಿಸಿನ ಅಕಾಡೆಮಿ ಜೂಲಿಯನ್ನಿನಲ್ಲಿ ಕಲಿತು ಬಂದು ನರ್ತಕಿಯರನ್ನು ಕೆಲವೇ ಗೆರೆಗಳಲ್ಲಿ ಕುಣಿಸಿದರು. ಅವರದು ಹಾಡುವ ರೇಖೆ ಎಂದು ಜನ ಮೆಚ್ಚಿಕೊಂಡರು. ಹೆಬ್ಬಾರರ ಗೆರೆ ಹಾಡಿದ್ದು ಕಾಗದದ ಮೇಲೆ. ಈತನ ಗೆರೆ ಹಾಡುತ್ತದೆಯೇ ಎಂದು ತಿಳಿಯಲು ಇಳಿಜಾರು ಹತ್ತಿ ಒಳಗೆ ಹೋಗಬೇಕು.

ಒಳಗೆ ಬೇರೆಯದೇ ಲೋಕ. ಹೊರಗೆ ನಾಲ್ಕು ಮೂಲೆಯ ಚೌಕಟ್ಟು, ಒಳಗೆ ಬಳ್ಳಿಯಂತೆ ಬಾಗಿದ ಗೋಡೆಗಳು. ಮೇಲಿನ ಸಭಾಂಗಣದ ಸುತ್ತುಗೋಡೆ ನೇರವಾಗಿ ಎಲ್ಲೂ ನಿಲ್ಲುವುದಿಲ್ಲ. ತಗ್ಗಾಗಿ ಬಾಗಿದ ಚಾವಣಿಗೆ ಮೇಲಿಂದ ಬಂದ ಬೆಳಕು ತಾಗಿ, ಮೆತ್ತಗಾಗಿ ಕೆಳಗಿಳಿಯುತ್ತದೆ. ಗಿಟಾರು, ಚಿಪ್ಪುಗಳ ಹೊರರೇಖೆಯನ್ನು ಕ್ಯಾನ್ವಾಸಿನಿಂದ ಕಿತ್ತು ಎದ್ದು ನಿಲ್ಲಿಸಿದಂತಿದೆ. ನಾನು ಚಿತ್ರವೊಂದರ ಎದುರು ನಿಂತಿರಲಿಲ್ಲ, ಅದರೊಳಗೆ ಓಡಾಡುತ್ತಿದ್ದೆ.

ಪೂರ್ವದ ಬದಿ ಹೊಳೆಗೆ ತೆರೆದಿದೆ. ಕಟ್ಟಡ ಎದ್ದ ಕಾಲಕ್ಕೆ ಕೆಳಗಿನ ಮರಳಿನಲ್ಲಿ ಬಣ್ಣ ಹಾಕಿದ ಬಟ್ಟೆಗಳನ್ನು ಒಗೆದು ಹರವುತ್ತಿದ್ದರು. ಬಕ, ಎಮ್ಮೆ, ಕತ್ತೆಗಳು ನೀರಲ್ಲಿ ನಿಂತಿರುತ್ತಿದ್ದವು. ಆ ನೋಟವನ್ನು ಚೌಕಟ್ಟು ಹಾಕಿ ತೋರಿಸುವಂತೆಯೇ ಆತ ಈ ಬದಿಯನ್ನು ತೆರೆದಿಟ್ಟ. ಇಂದು ಅದೇ ಚೌಕಟ್ಟಿನಲ್ಲಿ ಕಾಣುವುದು ರಿವರ್‌ಫ್ರಂಟಿನ ಕಾಂಕ್ರೀಟು ದಂಡೆ. ಗಿರಣಿಗಳು ಬಹುಪಾಲು 1980ರ ದಶಕದಿಂದೀಚೆಗೆ ಒಂದೊಂದಾಗಿ ಬಾಗಿಲು ಹಾಕಿದವು. ಮಾಲೀಕರ ಸಭೆಗೆ ಕಟ್ಟಿದ ಅಂಗಳದಲ್ಲಿ ಈಗ ಗಾಳಿಯದೇ ಸಭೆ.

ನಾಲ್ಕು ಗಂಟೆಗೆ ಇನ್ನೂ ಹೊತ್ತಿತ್ತು. ಮೆಟ್ರೊದಲ್ಲಿ ಪಾಲ್ಡಿಗೆ ಹೋದೆ. 1951ರಲ್ಲಿ ನಗರದ ಮೇಯರ್ ಚಿನುಭಾಯಿ ಚಿಮನ್‌ಭಾಯಿ ಲೆ ಕಾರ್ಬ್ಯೂಸಿಯೆಯನ್ನು ಕರೆಸಿಕೊಂಡು ವಹಿಸಿದ ವಸ್ತುಸಂಗ್ರಹಾಲಯ, ‘ಸಂಸ್ಕಾರ ಕೇಂದ್ರ’, ಇರುವುದು ಇಲ್ಲಿ. ಕಂಬಗಳ ಮೇಲೆ ಎತ್ತಿ ಕೂರಿಸಿದ, ಹೊರಕ್ಕೆ ಕಿಟಕಿಯೇ ಇಲ್ಲದ ಇಟ್ಟಿಗೆಯ ಪೆಟ್ಟಿಗೆ. ನಡುವಿನ ಬಯಲಂಗಳದಿಂದ ಇಳಿಜಾರು ಮೇಲೇರುತ್ತದೆ. ಸಂಗ್ರಹ ಹೆಚ್ಚಿದಂತೆ ಸುರುಳಿಯಾಗಿ ಬೆಳೆಯುತ್ತಲೇ ಹೋಗುವ ಮ್ಯೂಸಿಯಂ ಆತನ ಹಳೆಯ ಕನಸು. ಅದಕ್ಕೂ ಚಿಪ್ಪೇ ಮಾದರಿ. ಇದೇ ಕನಸು ಟೋಕಿಯೊದಲ್ಲೂ ಚಂಡೀಗಢದಲ್ಲೂ ಕಟ್ಟಡವಾಯಿತು. ಯುನೆಸ್ಕೊ 2016ರಲ್ಲಿ ಆತನ 17 ಕೃತಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಟೋಕಿಯೊದ ಮ್ಯೂಸಿಯಂ ಅದರಲ್ಲಿತ್ತು, ಅಹಮದಾಬಾದಿನ ಒಂದೂ ಇರಲಿಲ್ಲ. ಹೊರಗಿನಿಂದಲೇ ಒಂದು ಸುತ್ತು ಹಾಕಿದೆ. ಕಂಬಗಳ ನಡುವಿನ ನೆರಳು ತಂಪಾಗಿತ್ತು.

ಊರಿನಲ್ಲಿ ಆತನ ಇನ್ನೆರಡು ಕೆಲಸಗಳಿವೆ: ಶಾಹಿಬಾಗಿನ ಸಾರಾಭಾಯಿ ಮನೆ, ಎಲಿಸ್‌ಬ್ರಿಜ್ಜಿನ ಶೋಧನ್ ಮನೆ. ಎರಡೂ ಖಾಸಗಿ ಮನೆಗಳಾದ್ದರಿಂದ ಅತ್ತ ಹೋಗಲಿಲ್ಲ. ಇವುಗಳ ಕೆಲಸಕ್ಕೆ ಉಸ್ತುವಾರಿಯಾಗಿ ಪ್ಯಾರಿಸಿನಿಂದ ಬಂದ ತರುಣ ಬಿ. ವಿ. ದೋಶಿ ಇಲ್ಲೇ ನೆಲೆಸಿದರು. ತಾವೇ ಗುರುವೆನಿಸಿ, 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು.

ನಾಲ್ಕೂ ಕಾಲಿಗೆ ಮತ್ತೆ ಆತ್ಮಾ ಹೌಸಿನ ಎದುರು ನಿಂತೆ. ಅದೇ ಗೋಡೆಯೇ ಎಂದು ನೋಡುವಂತಾಗಿತ್ತು. ಇಳಿಬಿಸಿಲು ಓರೆಗೋಡೆಗಳಿಗೆ ಬಡಿದು ಪ್ರತಿಯೊಂದರ ಒಂದು ಮಗ್ಗುಲನ್ನು ಬೆಣ್ಣೆಯ ಬಣ್ಣಕ್ಕೆ ತಿರುಗಿಸಿತ್ತು. ಹಿಂದಿನ ಗೂಡುಗಳಲ್ಲಿ ಕಡುನೆರಳು. ಕುಂಡಗಳ ಹಸಿರು ನಡುನಡುವೆ ಚುಕ್ಕೆ ಇಟ್ಟಂತೆ. ಆ ಓರೆ ಬೆಡಗಿಗಾಗಿ ಇಟ್ಟದ್ದಲ್ಲ. ಪಶ್ಚಿಮದ ಬಿಸಿಲನ್ನು ತಡೆದು ಗಾಳಿಯನ್ನಷ್ಟೇ ಒಳಬಿಡುವ ಲೆಕ್ಕಾಚಾರ ಅದು. ಇದೇ ಊರಿನ ಸಿದಿ ಸೈಯದ್ ಮಸೀದಿಯ ಜಾಲಂಧ್ರದಲ್ಲಿ ಕಲ್ಲು ಮಾಡಿದ್ದನ್ನು ಇಲ್ಲಿ ಕಾಂಕ್ರೀಟು ಮಾಡುತ್ತಿದೆ. ಅರ್ಧ ಗಂಟೆ ನಿಂತೆ. ನೆರಳುಗಳು ಜರುಗಿ ಜರುಗಿ ಚಿತ್ರ ಮೂರು ಸಲ ಬದಲಾಯಿತು. ಈ ಕಟ್ಟಡ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ ಲೆ ಕಾರ್ಬ್ಯೂಸಿಯೆ ‘ಲಂಬಕೋನದ ಕವಿತೆ’ ಎಂಬ ಚಿತ್ರ-ಕಾವ್ಯದ ಪುಸ್ತಕದಲ್ಲಿ ಮುಳುಗಿದ್ದ. ಅದು 1955ರಲ್ಲಿ ಪ್ರಕಟವಾಯಿತು. ಅದರ ಒಂದು ಮುಖ್ಯ ವಸ್ತು ಸೂರ್ಯನ ದಿನದ ದಾರಿ. ಒಂದೇ ಕಣ್ಣಿನವನಿಗೆ ವಸ್ತುವಿನ ಆಳ ತಿಳಿಸಿಕೊಟ್ಟದ್ದು ನೆರಳೇ ಇರಬಹುದು ಎಂದು ನನಗನ್ನಿಸಿತು.

ಹೋಗುವವರಿಗೆ ಒಂದೆರಡು ಮಾತು. ಇದು ಇಂದಿಗೂ ಸಂಘದ ಕಚೇರಿ. ಕೆಲಸದ ದಿನ ಹೋಗಿ, ಬಾಗಿಲಲ್ಲಿ ಕೇಳಿ ಒಳಗೆ ಕಾಲಿಡಿ. ಬೆಳಗ್ಗೆ ಒಳಗೆ, ಸಂಜೆ ಹೊರಗೆ.

ಕತ್ತಲಾಗುವ ಮೊದಲು ಕಾಂಕರಿಯಾಕ್ಕೆ ಮರಳಿದೆ. ಬಿಸಿಲು ಕೆರೆಯ ಒಂದು ಬದಿಯ ಮೆಟ್ಟಿಲ ಮೇಲಿತ್ತು, ಪಕ್ಕದ ಬದಿ ಆಗಲೇ ನೆರಳಾಗಿತ್ತು. ಮೂಲೆ ತಿರುಗುವ ಕಡೆ ಎರಡರ ನಡುವೆ ಗೆರೆ ಎಳೆದಷ್ಟು ನಿಖರ. ಗೆಳೆಯ ಆಫೀಸಿನಿಂದ ನೇರ ಅಲ್ಲಿಗೇ ಬಂದ.

‘ಸಿಕ್ಕಿತೇನೋ ನಿನ್ನ ಚಿತ್ರ?’

‘ಸಿಕ್ಕಿತು. ನಾಳೆ ಒಂದು ಗಂಟೆ ಮೊದಲೇ ಆಫೀಸು ಬಿಡು. ತೋರಿಸ್ತೀನಿ’ ಎಂದೆ.