ಸಾಲ ದೇಶದ್ದು, ಸಹಿ ಯಾರದ್ದು?

ದೇಶವೊಂದು ಸಾಲದಲ್ಲಿ ಮುಳುಗಿದರೆ ಅದಕ್ಕೆ ಹೊಣೆ ಯಾರು? ಚುನಾವಣಾ ಭಾಷಣಗಳಲ್ಲಿ ಈ ಪ್ರಶ್ನೆಗೆ ಉತ್ತರ ಬಹಳ ಸುಲಭ, ಹಿಂದಿನ ಸರ್ಕಾರ. ಕೋರ್ಟಿನ ಕಟಕಟೆಗೆ ಬಂದಾಗ ಮಾತ್ರ ಉತ್ತರ ಅಷ್ಟು ಸಲೀಸಲ್ಲ. ಹಾಗಾಗಿಯೇ 2023ರ ನವೆಂಬರ್ 14ರಂದು ಶ್ರೀಲಂಕಾದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅಪರೂಪದ್ದು. ಮಾಜಿ ಅಧ್ಯಕ್ಷ ಗೋಟಬಯ ರಾಜಪಕ್ಸ, ಅವರ ಅಣ್ಣ ಮಾಜಿ ಪ್ರಧಾನಿ ಮಹಿಂದ, ತಮ್ಮ ಮಾಜಿ ಹಣಕಾಸು ಸಚಿವ ಬಸಿಲ್, ಕೇಂದ್ರ ಬ್ಯಾಂಕಿನ ಇಬ್ಬರು ಮಾಜಿ ಗವರ್ನರ್‌ಗಳು ಮತ್ತು ಖಜಾನೆಯ ಹಿರಿಯ ಅಧಿಕಾರಿಗಳನ್ನು ಹೆಸರಿಸಿ, ದೇಶದ ಆರ್ಥಿಕ ಕುಸಿತಕ್ಕೆ ಇವರೇ ಕಾರಣ, ಇವರು ಜನರ ವಿಶ್ವಾಸಕ್ಕೆ ದ್ರೋಹ ಬಗೆದಿದ್ದಾರೆ ಎಂದು ನ್ಯಾಯಪೀಠ 4–1ರ ಬಹುಮತದಲ್ಲಿ ಹೇಳಿತು.

ಕೋರ್ಟಿಗೆ ಹೋದವರು ವಿರೋಧ ಪಕ್ಷದವರಲ್ಲ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್‌ನ ಶ್ರೀಲಂಕಾ ಶಾಖೆ, ವಾಣಿಜ್ಯ ಮಂಡಳಿಯ ಮಾಜಿ ಅಧ್ಯಕ್ಷ ಚಂದ್ರ ಜಯರತ್ನೆ, ಒಲಿಂಪಿಕ್ಸ್‌ನಲ್ಲಿ ಈಜಿದ್ದ ಜೂಲಿಯನ್ ಬೋಲಿಂಗ್ ಅರ್ಜಿದಾರರ ಸಾಲಿನಲ್ಲಿದ್ದರು. ಅವರು ಯಾರನ್ನೂ ಜೈಲಿಗೆ ಕಳಿಸಿ ಎನ್ನಲಿಲ್ಲ. ಸಂವಿಧಾನ ಕೊಟ್ಟಿರುವ ಸಮಾನತೆಯ ಹಕ್ಕು ಭಂಗವಾಗಿದೆ, ಅದಕ್ಕೆ ಕಾರಣರಾದವರ ಹೆಸರು ಹೇಳಿ ಎಂಬುದಷ್ಟೇ ಅವರ ಮೊರೆ.

ಆ ಸಾಲ ಒಬ್ಬರೇ ಮಾಡಿದ್ದಲ್ಲ ಎಂಬುದೂ ನಿಜ. ಬಹುಕಾಲ ಶ್ರೀಲಂಕಾಕ್ಕೆ ಸಾಲ ಸಿಗುತ್ತಿದ್ದದ್ದು ವಿಶ್ವ ಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್, ಜಪಾನ್‌ನಂಥವರಿಂದ. ಬಡ್ಡಿ ಕಡಿಮೆ, ತೀರಿಸಲು ದಶಕಗಳ ಅವಧಿ. 2007ರಲ್ಲಿ, ಮಹಿಂದ ಅಧ್ಯಕ್ಷರಾಗಿದ್ದಾಗ, ದೇಶ ಮೊದಲ ಬಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ 50 ಕೋಟಿ ಡಾಲರ್‌ಗಳ ಬಾಂಡ್ ಮಾರಿತು. ಬಡ್ಡಿ ಶೇ 8.25, ಅವಧಿ ಐದೇ ವರ್ಷ. ಆ ದುಡ್ಡಿಗೆ ಯಾರೂ ಷರತ್ತು ಹಾಕುವುದಿಲ್ಲ, ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ಕೇಳುವುದೂ ಇಲ್ಲ. ಗಡುವಿನ ದಿನ ಪೂರ್ತಿ ಅಸಲು ಡಾಲರ್‌ನಲ್ಲಿ ಎದುರಿಗಿಟ್ಟರಾಯಿತು. ಮೈತ್ರಿಪಾಲ ಸಿರಿಸೇನ–ರನಿಲ್ ವಿಕ್ರಮಸಿಂಘೆ ಜೋಡಿ 2015ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಇಂಥ ಬಾಂಡ್‌ಗಳನ್ನು ಹಿಂದಿನವರಿಗಿಂತ ಹೆಚ್ಚೇ ಮಾರಿತು, ಅದರಲ್ಲಿ ಒಂದಷ್ಟು ಹಳೆಯ ಸಾಲ ತೀರಿಸಲಿಕ್ಕೇ ಹೋಯಿತು.

ಹೊರಗಿನವರು ಬೆರಳು ತೋರಿಸುವುದು ಚೀನಾ ಕಡೆಗೆ. ಆದರೆ ವಿದೇಶಿ ಸಾಲದಲ್ಲಿ ಚೀನಾದ ಪಾಲು ಐದನೇ ಒಂದು ಭಾಗದ ಆಸುಪಾಸು. ಮಾರುಕಟ್ಟೆ ಬಾಂಡ್‌ಗಳ ಪಾಲು ಅದಕ್ಕಿಂತ ದೊಡ್ಡದು. ಚೀನಾದ ಸಾಲ ಕಣ್ಣಿಗೆ ಕಾಣುತ್ತದೆ, ಬಾಂಡ್ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಹಂಬನ್‌ತೋಟ ಬಂದರು ಕಾಣುತ್ತದೆ; 2017ರಲ್ಲಿ ಅದನ್ನು 112 ಕೋಟಿ ಡಾಲರ್‌ಗೆ ಚೀನೀ ಕಂಪನಿಗೆ 99 ವರ್ಷ ಗುತ್ತಿಗೆ ಕೊಡಲಾಯಿತು. ಅದರ ಹತ್ತಿರದ ಮತ್ತಲದಲ್ಲಿ 2013ರಲ್ಲಿ ಉದ್ಘಾಟನೆಯಾದ, ರಾಜಪಕ್ಸ ಹೆಸರನ್ನೇ ಹೊತ್ತ ವಿಮಾನ ನಿಲ್ದಾಣದ ಕಥೆಯಂತೂ ಕೇಳುವಂಥದ್ದು. ಸುಮಾರು 21 ಕೋಟಿ ಡಾಲರ್ ವೆಚ್ಚ, ಅದರಲ್ಲಿ 19 ಕೋಟಿ ಚೀನಾದ ಎಕ್ಸಿಮ್ ಬ್ಯಾಂಕಿನದು. ವಿಮಾನಗಳು ಬರಲಿಲ್ಲ. ಸರಕು ಗೋದಾಮಿನಲ್ಲಿ ಭತ್ತದ ಮೂಟೆ ಪೇರಿಸಿದರು. ರನ್‌ವೇ ಸುತ್ತ ಅಲೆಯುವ ಕಾಡುಪ್ರಾಣಿಗಳನ್ನು ಓಡಿಸಲು ಸೈನಿಕರನ್ನೂ ಪೊಲೀಸರನ್ನೂ ಕರೆಸಬೇಕಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಕೋರ್ಟ್ ಈ ಕಟ್ಟಡಗಳ ಲೆಕ್ಕಕ್ಕೆ ಕೈಹಾಕಿ ಕೂರಲಿಲ್ಲ. ಸಾಲ ಮಾಡಿದ್ದೇ ತಪ್ಪು ಎಂದೂ ಹೇಳಲಿಲ್ಲ. ಅದು ಮುಖ್ಯವಾಗಿ ನೋಡಿದ್ದು 2019ರ ಕೊನೆಯಿಂದ 2022ರ ಏಪ್ರಿಲ್‌ವರೆಗಿನ ಕೆಲವು ನಿರ್ಧಾರಗಳನ್ನು. ಅಪಾಯ ಕಣ್ಣೆದುರಿಗೇ ಇದ್ದಾಗ, ಎಚ್ಚರಿಕೆ ಕಿವಿಗೆ ಬಿದ್ದಾಗ, ಅಧಿಕಾರದಲ್ಲಿದ್ದವರು ಏನು ಮಾಡಿದರು, ಏನು ಮಾಡದೆ ಕೈಕಟ್ಟಿ ಕೂತರು ಎಂಬುದೇ ವಿಚಾರಣೆಯ ತಿರುಳು.

ಮೊದಲನೆಯದು ತೆರಿಗೆ. 2019ರ ನವೆಂಬರ್ ಚುನಾವಣೆಯಲ್ಲಿ ಗೋಟಬಯ ದೊಡ್ಡ ತೆರಿಗೆ ಕಡಿತದ ಭರವಸೆ ಕೊಟ್ಟರು. ಆಗಿನ ಹಣಕಾಸು ಸಚಿವ ಮಂಗಳ ಸಮರವೀರ, ಇದು ಜಾರಿಯಾದರೆ ದೇಶ ದಿವಾಳಿಯಾಗುತ್ತದೆ ಎಂದು ಪ್ರಚಾರದ ವೇಳೆಯಲ್ಲೇ ಎಚ್ಚರಿಸಿದ್ದರು. ಜನ ಕಿವಿಗೊಟ್ಟದ್ದು ಭರವಸೆಗೆ. 69 ಲಕ್ಷ ಮತ ಬಿತ್ತು. ಅಧಿಕಾರ ವಹಿಸಿಕೊಂಡ ಎರಡು ವಾರದೊಳಗೆ, ಡಿಸೆಂಬರ್ 1ರಿಂದ, ವ್ಯಾಟ್ ಶೇ 15ರಿಂದ 8ಕ್ಕೆ ಇಳಿಯಿತು. ವರ್ಷಕ್ಕೆ 1.2 ಕೋಟಿ ರೂಪಾಯಿ ವಹಿವಾಟು ದಾಟಿದವರು ವ್ಯಾಟ್ ಕಟ್ಟಬೇಕಿತ್ತು. ಆ ಮಿತಿಯನ್ನು 30 ಕೋಟಿಗೆ ಏರಿಸಿದರು. ಸಂಬಳದಲ್ಲೇ ತೆರಿಗೆ ಮುರಿದುಕೊಳ್ಳುವ ಪದ್ಧತಿಯನ್ನೂ ಕೈಬಿಟ್ಟರು. ಸರ್ಕಾರದ ಆದಾಯ 2019ರಲ್ಲಿ ಜಿಡಿಪಿಯ ಶೇ 12ಕ್ಕಿಂತ ಹೆಚ್ಚಿದ್ದದ್ದು ಎರಡೇ ವರ್ಷದಲ್ಲಿ ಶೇ 9ಕ್ಕಿಂತ ಕೆಳಗಿಳಿಯಿತು. 2020ರಲ್ಲಿ ಖಜಾನೆಗೆ ಬಂದ ಪ್ರತಿ ನೂರು ರೂಪಾಯಿಯಲ್ಲಿ ಸುಮಾರು ಎಪ್ಪತ್ತು ಬಡ್ಡಿಗೇ ಹೋಗುತ್ತಿತ್ತು.

ಸಮರವೀರ 2021ರ ಆಗಸ್ಟ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ತಮ್ಮ ಮಾತು ನಿಜವಾದದ್ದನ್ನು ಅವರು ನೋಡಲಿಲ್ಲ.

ಮಿಕ್ಕದ್ದು ಒಂದರ ಹಿಂದೆ ಒಂದು ಬಂತು. 2020ರಲ್ಲಿ ರೇಟಿಂಗ್ ಸಂಸ್ಥೆಗಳು ದೇಶದ ದರ್ಜೆ ಇಳಿಸಿದ್ದರಿಂದ ಹೊಸ ಬಾಂಡ್ ಮಾರುವ ಬಾಗಿಲು ಮುಚ್ಚಿತು. ಕೋವಿಡ್‌ನಿಂದ ಪ್ರವಾಸಿಗರು ನಿಂತರು. 2021ರಲ್ಲಿ ರಾತ್ರೋರಾತ್ರಿ ಎಂಬಂತೆ ರಾಸಾಯನಿಕ ಗೊಬ್ಬರ ನಿಷೇಧಿಸಿ, ಬೆಳೆ ಕೈಕೊಟ್ಟ ಮೇಲೆ ನವೆಂಬರ್‌ನಲ್ಲಿ ಹಿಂದೆಗೆದರು. ಐಎಂಎಫ್ ಬಳಿ ಹೋಗಿ ಎಂದು ಅರ್ಥಶಾಸ್ತ್ರಜ್ಞರು ಗೋಗರೆದರೂ ಕೇಂದ್ರ ಬ್ಯಾಂಕಿನ ಗವರ್ನರ್ ಅಜಿತ್ ನಿವಾರ್ಡ್ ಕಬ್ರಾಲ್‌ಗೆ ಸ್ವದೇಶಿ ಪರಿಹಾರವೇ ಬೇಕಿತ್ತು. ಡಾಲರ್ ಬೆಲೆಯನ್ನು 200 ರೂಪಾಯಿಯ ಆಸುಪಾಸಿನಲ್ಲೇ ಹಿಡಿದು ನಿಲ್ಲಿಸಲು ಇದ್ದಬದ್ದ ಡಾಲರ್ ಸುರಿದರು. 2022ರ ಮಾರ್ಚ್‌ನಲ್ಲಿ ಹಿಡಿತ ಬಿಟ್ಟಾಗ ಅದು ಎರಡು ತಿಂಗಳಲ್ಲಿ 350 ದಾಟಿತು. ಎಲ್ಲಕ್ಕಿಂತ ಅರ್ಥವಾಗದ್ದು 2022ರ ಜನವರಿ 18ರ ಪಾವತಿ. ಔಷಧಿಗೆ, ಗ್ಯಾಸಿಗೆ ಡಾಲರ್ ಇಲ್ಲದ ಹೊತ್ತಿನಲ್ಲಿ ಬಾಂಡ್‌ದಾರರಿಗೆ 50 ಕೋಟಿ ಡಾಲರ್ ಎಣಿಸಿಕೊಟ್ಟರು. ಮಾರ್ಚ್‌ನಲ್ಲಿ ಕಾಗದ ತರಿಸಲು ದುಡ್ಡಿಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲಾ ಪರೀಕ್ಷೆಗಳು ಮುಂದಕ್ಕೆ ಹೋದವು, ದಿನಕ್ಕೆ 13 ಗಂಟೆ ಕರೆಂಟ್ ಇರಲಿಲ್ಲ. ಏಪ್ರಿಲ್ 12ರಂದು, ಹೊಸ ಗವರ್ನರ್ ಬಂದ ಮೇಲೆ, ವಿದೇಶಿ ಸಾಲ ಕಟ್ಟಲಾಗುವುದಿಲ್ಲ ಎಂದು ದೇಶ ಕೈಚೆಲ್ಲಿತು. ಒಟ್ಟು ವಿದೇಶಿ ಸಾಲ ಸುಮಾರು 5,100 ಕೋಟಿ ಡಾಲರ್.

ಮುಂದಿನದ್ದು ಟಿವಿಯಲ್ಲಿ ಎಲ್ಲರೂ ನೋಡಿದ್ದೇ. ಜುಲೈ 9ರಂದು ಅಧ್ಯಕ್ಷರ ಬಂಗಲೆಯ ಈಜುಕೊಳಕ್ಕೆ ಜನ ಧುಮುಕಿದರು, 14ರಂದು ಗೋಟಬಯ ಸಿಂಗಪುರದಿಂದ ರಾಜೀನಾಮೆ ಕಳಿಸಿದರು.

ತೀರ್ಪಿನ ನಂತರ ಯಾರೂ ಜೈಲಿಗೆ ಹೋಗಲಿಲ್ಲ. ಅದು ಕ್ರಿಮಿನಲ್ ಮೊಕದ್ದಮೆ ಆಗಿರಲಿಲ್ಲ. ಅರ್ಜಿದಾರರು ಪರಿಹಾರ ಕೇಳದ ಕಾರಣ ಅದನ್ನೂ ಕೊಡಲಿಲ್ಲ. ಅರ್ಜಿದಾರರ ಖರ್ಚಿಗೆಂದು ಕೊಡಿಸಿದ್ದು ಒಂದೂವರೆ ಲಕ್ಷ ಶ್ರೀಲಂಕಾ ರೂಪಾಯಿ, ನಮ್ಮ ಲೆಕ್ಕದಲ್ಲಿ ನಲವತ್ತು ಸಾವಿರದ ಸಮೀಪ. ಐಸ್‌ಲ್ಯಾಂಡ್‌ನಲ್ಲೂ ಹೆಚ್ಚುಕಡಿಮೆ ಹೀಗೇ ಆಗಿತ್ತು. 2008ರಲ್ಲಿ ಅಲ್ಲಿನ ಬ್ಯಾಂಕುಗಳು ಕುಸಿದ ಮೇಲೆ ಮಾಜಿ ಪ್ರಧಾನಿ ಗೈರ್ ಹಾರ್ಡೆಯನ್ನು ವಿಶೇಷ ನ್ಯಾಯಾಲಯಕ್ಕೆ ಎಳೆದರು. 2012ರಲ್ಲಿ ಒಂದೇ ಒಂದು ಆರೋಪ ಸಾಬೀತಾಯಿತು: ಗಂಭೀರ ವಿಷಯವನ್ನು ಸಂಪುಟ ಸಭೆಯ ಮುಂದೆ ತರಲಿಲ್ಲ ಎಂಬುದು. ಶಿಕ್ಷೆ ಶೂನ್ಯ.

ಶಿಕ್ಷೆ ಕೊಟ್ಟವರು ಮತದಾರರು. 2020ರಲ್ಲಿ 145 ಸ್ಥಾನ ಗೆದ್ದಿದ್ದ ರಾಜಪಕ್ಸ ಪಕ್ಷ 2024ರ ನವೆಂಬರ್‌ನಲ್ಲಿ 3ಕ್ಕೆ ಇಳಿಯಿತು. ಆದರೆ ಸೋತವರು ಮನೆಗೆ ಹೋಗುತ್ತಾರೆ, ಸಾಲ ಮನೆಗೆ ಹೋಗುವುದಿಲ್ಲ. ಶೇ 8ಕ್ಕೆ ಇಳಿದಿದ್ದ ವ್ಯಾಟ್ 2022ರಲ್ಲಿ ಮೊದಲು 12, ಆಮೇಲೆ 15 ಆಯಿತು. 2024ರ ಜನವರಿಯಿಂದ 18. ಕಡಿತಕ್ಕೆ ಮೊದಲಿದ್ದದ್ದಕ್ಕಿಂತ ಮೂರು ಹೆಚ್ಚು! 2023ರಲ್ಲಿ ದೇಶದೊಳಗಿನ ಸಾಲವನ್ನು ಹೊಂದಿಸುವಾಗ ಬ್ಯಾಂಕುಗಳ ಬಾಂಡ್‌ಗಳನ್ನು ಮುಟ್ಟಲಿಲ್ಲ. ಹೊರೆ ಬಿದ್ದದ್ದು ಕಾರ್ಮಿಕರ ಭವಿಷ್ಯ ನಿಧಿಯ ಮೇಲೆ. ನಿಧಿಯ ಕೈಯಲ್ಲಿದ್ದ ಬಾಂಡ್‌ಗಳನ್ನು ಬದಲಿಸಿ, 2038ರವರೆಗೂ ನಡೆಯುವ, ಮೊದಲೆರಡು ವರ್ಷದ ನಂತರ ಶೇ 9 ಬಡ್ಡಿಯ ಬಾಂಡ್ ಕೊಟ್ಟರು. ಒಪ್ಪದಿದ್ದರೆ ನಿಧಿಯ ಆದಾಯಕ್ಕೆ ಶೇ 14ರ ಬದಲು 30 ತೆರಿಗೆ ಎಂಬ ಬೆದರಿಕೆಯೂ ಇತ್ತು. ಕಟುನಾಯಕದ ಗಾರ್ಮೆಂಟ್ಸ್ ಕೆಲಸಗಾರ್ತಿಗೂ ನುವರ ಎಲಿಯದ ಚಹಾ ತೋಟದ ಕೂಲಿಗೂ ಮತ್ತಲದ ರನ್‌ವೇಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಈ ನಿಧಿಯೇ ಸಂಬಂಧ.

ಇದನ್ನು ತಡೆಯಲು ಕಾನೂನು ಇರಲಿಲ್ಲವೇ? ಇತ್ತು. 2003ರಲ್ಲೇ ಶ್ರೀಲಂಕಾ ಸಂಸತ್ತು ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿ, 2013ರ ಹೊತ್ತಿಗೆ ಸರ್ಕಾರಿ ಸಾಲ ಜಿಡಿಪಿಯ ಶೇ 60 ಮೀರಬಾರದು ಎಂದು ಬರೆದುಕೊಂಡಿತ್ತು. ಗಡುವು ಹತ್ತಿರ ಬಂದಾಗಲೆಲ್ಲ ತಿದ್ದುಪಡಿ ತಂದು ವರ್ಷವನ್ನು ಮುಂದೆ ತಳ್ಳಿದರು. 

ಭಾರತದ ವಿತ್ತೀಯ ಹೊಣೆಗಾರಿಕೆ ಕಾಯ್ದೆಯೂ (ಎಫ್‌ಆರ್‌ಬಿಎಂ) 2003ರದ್ದೇ. ನಮ್ಮ ಸಾಲ ಬಹುಪಾಲು ರೂಪಾಯಿಯಲ್ಲಿ, ದೇಶದೊಳಗಿನದು, ಆದ್ದರಿಂದ ಶ್ರೀಲಂಕಾದ ಗತಿ ನಮಗೂ ಬಂತು ಎಂದು ಬೊಬ್ಬೆ ಹೊಡೆಯುವುದರಲ್ಲಿ ಅರ್ಥವಿಲ್ಲ. ಆದರೆ ಹೊಣೆಗಾರಿಕೆಯ ವಿಷಯದಲ್ಲಿ ನಾವೇನೂ ಮುಂದಿಲ್ಲ. 2018ರ ತಿದ್ದುಪಡಿ ಪ್ರಕಾರ ಕೇಂದ್ರದ ಸಾಲ 2024–25ರ ಕೊನೆಗೆ ಜಿಡಿಪಿಯ ಶೇ 40ಕ್ಕೆ ಇಳಿಯಬೇಕಿತ್ತು. ಅಂದಾಜಿನಂತೆ ಅದು ಶೇ 57ರಷ್ಟಿತ್ತು. ಗುರಿ ತಪ್ಪಿದರೆ ಯಾವ ಸಚಿವರಿಗೂ ಆ ಕಾಯ್ದೆಯಲ್ಲಿ ದಂಡವಿಲ್ಲ, ಸಂಸತ್ತಿಗೆ ವಿವರಣೆ ಕೊಟ್ಟರೆ ಮುಗಿಯಿತು.

ಇಂಥ ಕಾಯ್ದೆಯನ್ನು ದೇಶದಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ, 2002ರಲ್ಲಿ. ಅದರ ಪ್ರಕಾರ ರಾಜ್ಯದ ಒಟ್ಟು ಹೊಣೆ ಜಿಎಸ್‌ಡಿಪಿಯ ಶೇ 25ರ ಒಳಗಿರಬೇಕು. 2025–26ರ ಬಜೆಟ್ ಅಂದಾಜಿನಲ್ಲಿ ಅದು 7,64,655 ಕೋಟಿ ರೂಪಾಯಿ, ಶೇ 24.91. ಸಾಲ ಏರಲು ಗ್ಯಾರಂಟಿ ಯೋಜನೆಗಳೇ ಕಾರಣ ಎಂದು ಒಬ್ಬರು, ಕೇಂದ್ರ ತೆರಿಗೆ ಪಾಲು ಕೊಡದಿರುವುದೇ ಕಾರಣ ಎಂದು ಇನ್ನೊಬ್ಬರು. ಈ ವಾದದಲ್ಲಿ ಯಾರ ಪರ ನಿಲ್ಲಬೇಕೆಂದು ಓದುಗರೇ ತೀರ್ಮಾನಿಸಲಿ, ಆದರೆ ಭಾಷಣ ಕೇಳಿ ಅಲ್ಲ. ಪ್ರತಿ ವರ್ಷ ಬಜೆಟ್ ಜೊತೆಗೆ ಮಧ್ಯಮಾವಧಿ ವಿತ್ತೀಯ ಯೋಜನೆ ಎಂಬ ದಾಖಲೆಯೂ ಸದನದ ಮುಂದೆ ಬರುತ್ತದೆ. ಎಷ್ಟು ಸಾಲ, ಎಷ್ಟು ಬಡ್ಡಿ ಎಂಬುದೆಲ್ಲ ಅದರಲ್ಲಿದೆ. ಮುಂದಿನ ಬಾರಿ ನಿಮ್ಮ ಶಾಸಕರು ಎದುರಾದರೆ ಅದನ್ನು ಓದಿದ್ದೀರಾ ಎಂದು ಕೇಳಿ.