ವಿಡಿಯೋ ಚಿತ್ರಗಳ ಮುನ್ನಡೆ ಮತ್ತು ಹಿನ್ನಡೆ

ಒಡೆದು ಬಿದ್ದ ಮಡಕೆಯ ಚೂರುಗಳು ತಾವಾಗಿಯೇ ಒಂದುಗೂಡಿ ಮತ್ತೆ ಮಡಕೆಯಾದುದನ್ನು ಕಂಡವರಿಲ್ಲ. ಪ್ರಕೃತಿಯಲ್ಲಿ ಘಟನೆಗಳು ಸಾಗುವ ದಿಕ್ಕು ಒಂದೇ. ಆದರೆ ಚಲಚ್ಚಿತ್ರದ ಪರದೆಯ ಮೇಲೆ ಈ ಕಟ್ಟಳೆಯನ್ನು ಮೀರುವುದು ಆ ಕಲೆಯ ಶೈಶವದಲ್ಲಿಯೇ ಸಾಧ್ಯವಾಯಿತು. ಫ್ರಾನ್ಸಿನ ಲೂಯಿ ಲೂಮಿಯೇರ್ 1896ರಲ್ಲಿ ಗೋಡೆಯೊಂದನ್ನು ಕೆಡಹುವ ದೃಶ್ಯವನ್ನು ಚಿತ್ರಿಸಿದನು. ಅದರ ಸುರುಳಿಯನ್ನು ಹಿಂದುಮುಂದಾಗಿ ಓಡಿಸಿದಾಗ, ನೆಲಕ್ಕೊರಗಿದ್ದ ಗೋಡೆಯು ಧೂಳಿನ ನಡುವಿನಿಂದ ಎದ್ದು ನಿಲ್ಲುತ್ತಿತ್ತು.

ಈ ಚಮತ್ಕಾರಕ್ಕೆ ವಿಶೇಷ ಉಪಕರಣವೇನೂ ಬೇಕಿರಲಿಲ್ಲ. ಸಿನಿಮಾ ಸುರುಳಿಯೆಂದರೆ ಬಿಡಿಬಿಡಿಯಾದ ಛಾಯಾಚಿತ್ರಗಳ ಮಾಲೆ. ಪ್ರತಿಯೊಂದು ಚಿತ್ರವೂ ತನ್ನಷ್ಟಕ್ಕೆ ತಾನೇ ಪೂರ್ಣ. ಅವನ್ನು ಮೇಲಿನಿಂದ ಎಣಿಸಿದರೇನು, ಕೆಳಗಿನಿಂದ ಎಣಿಸಿದರೇನು? ಆದರೆ ಇಂದು ನಮ್ಮ ಅಂಗೈಯಲ್ಲಿರುವ ಮೊಬೈಲ್ ಫೋನಿನಲ್ಲಿ ವಿಡಿಯೋವೊಂದನ್ನು ಹಿಂದಕ್ಕೆ ಎಳೆದು ನೋಡಿರಿ. ಅನೇಕ ವೇಳೆ ಚಿತ್ರವು ತಡವರಿಸುತ್ತದೆ, ಒಂದೆಡೆಯಿಂದ ಇನ್ನೊಂದೆಡೆಗೆ ನೆಗೆಯುತ್ತದೆ. ಕೈಯಿಂದ ತಿರುಗಿಸುವ ಯಂತ್ರಕ್ಕೆ ಸುಲಭವಾಗಿದ್ದ ಕೆಲಸವು, ಸೆಕೆಂಡಿಗೆ ಕೋಟಿಗಟ್ಟಲೆ ಗಣನೆಗಳನ್ನು ಮಾಡಬಲ್ಲ ಯಂತ್ರಕ್ಕೆ ಕಠಿನವಾದುದೇಕೆ? ಇದನ್ನು ಕೊಂಚ ವಿಚಾರಿಸೋಣ.

ಮೊದಲು ಒಂದು ಸಣ್ಣ ಲೆಕ್ಕ. ಇಂದಿನ ಟೆಲಿವಿಷನ್ನಿನ ಒಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆಂದು ಇಟ್ಟುಕೊಳ್ಳೋಣ. ಒಟ್ಟು 20,73,600 ಬಿಂದುಗಳು. ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣಗಳ ಪ್ರಮಾಣವನ್ನು ತಿಳಿಸಲು ಬಿಂದುವೊಂದಕ್ಕೆ 3 ಬೈಟುಗಳು ಬೇಕು. ಆಗ ಒಂದು ಚಿತ್ರಕ್ಕೆ ಸುಮಾರು 62 ಲಕ್ಷ ಬೈಟುಗಳಾದುವು. ಸೆಕೆಂಡಿಗೆ 25 ಚಿತ್ರಗಳಂತೆ ಒಂದು ಗಂಟೆಗೆ ಸುಮಾರು 56,000 ಕೋಟಿ ಬೈಟುಗಳು! 470 ಕೋಟಿ ಬೈಟುಗಳನ್ನು ಹಿಡಿಸುವ ಸಾಮಾನ್ಯ ಡಿವಿಡಿ ತಟ್ಟೆಯೊಂದು ಈ ಲೆಕ್ಕದಲ್ಲಿ ಅರ್ಧ ನಿಮಿಷದ ದೃಶ್ಯಕ್ಕೆ ಭರ್ತಿಯಾಗಿಬಿಡುತ್ತದೆ. ಆದುದರಿಂದ ಚಿತ್ರಗಳನ್ನು ಇದ್ದಂತೆಯೇ ಕೂಡಿಡುವುದು ಆಗದ ಮಾತು. ಅವನ್ನು ಅಡಕಗೊಳಿಸಲೇಬೇಕು. ಇದಕ್ಕೆ ಸಂಕೋಚನ ಎಂದು ಹೆಸರು.

ಸಂಕೋಚನದ ಉಪಾಯಗಳು ಎರಡು ಬಗೆ. ಮೊದಲನೆಯದು ಒಂದು ಚಿತ್ರದ ಒಳಗೇ ನಡೆಯುವಂಥದು. ನೀಲಿ ಆಕಾಶದ ಒಂದು ಬಿಂದುವಿಗೂ ಅದರ ಪಕ್ಕದ ಬಿಂದುವಿಗೂ ಹೆಚ್ಚಿನ ಅಂತರವಿರುವುದಿಲ್ಲ. ಆದುದರಿಂದ ಚಿತ್ರವನ್ನು ಪುಟ್ಟ ಪುಟ್ಟ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕವನ್ನೂ ಹಲವು ಕೊಸೈನ್ ಅಲೆಗಳ ಮೊತ್ತವೆಂದು ಬರೆದು, ನಮ್ಮ ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮ ಅಲೆಗಳನ್ನು ಸ್ಥೂಲವಾಗಿ ನಮೂದಿಸಿದರೆ ಸಾಕು. ಈ ಗಣಿತವನ್ನು 1974ರಲ್ಲಿ ಪ್ರಕಟಿಸಿದವರು ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್. ಇವರಲ್ಲಿ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅನಂತರ ಅಮೆರಿಕಕ್ಕೆ ತೆರಳಿದವರು ಎಂಬುದು ನಾವು ಹೆಮ್ಮೆಯಿಂದ ನೆನೆಯತಕ್ಕ ಸಂಗತಿ.

ಈ ಮೊದಲನೆಯ ಉಪಾಯದಿಂದ ಹಿನ್ನಡೆಗೆ ಯಾವ ತೊಡಕೂ ಇಲ್ಲ. ಪ್ರತಿಯೊಂದು ಚಿತ್ರವೂ ಚಿಕ್ಕದಾಯಿತೇ ಹೊರತು ಪರಾಧೀನವಾಗಲಿಲ್ಲ. ತೊಡಕು ಹುಟ್ಟುವುದು ಎರಡನೆಯ ಉಪಾಯದಿಂದ. ಆದರೆ ದೊಡ್ಡ ಉಳಿತಾಯವಾಗುವುದೂ ಅದರಿಂದಲೇ.

ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ನಡುವೆ ಇರುವ ಕಾಲ ಸೆಕೆಂಡಿನ 25ನೆಯ ಒಂದು ಭಾಗ. ಇಷ್ಟು ಅಲ್ಪಕಾಲದಲ್ಲಿ ದೃಶ್ಯದಲ್ಲಿ ಆಗುವ ಬದಲಾವಣೆ ಬಹಳ ಸ್ವಲ್ಪ. ಹಿನ್ನೆಲೆಯ ಮರಗಿಡಗಳು ಇದ್ದಲ್ಲೇ ಇರುತ್ತವೆ. ಓಡುವ ಬಸ್ಸು ಬೆರಳಗಲದಷ್ಟು ಸರಿದಿರುತ್ತದೆ. ಹಾಗಾದ ಮೇಲೆ ಇಡೀ ಚಿತ್ರವನ್ನು ಮತ್ತೆ ಬರೆಯುವುದೇಕೆ? ‘ಈ ಚೌಕವನ್ನು ಹಿಂದಿನ ಚಿತ್ರದ ಇಂಥ ಸ್ಥಳದಿಂದ ತೆಗೆದುಕೋ, ಇಷ್ಟು ವ್ಯತ್ಯಾಸವನ್ನು ಕೂಡಿಸಿಕೋ’ ಎಂದು ಬರೆದಿಟ್ಟರೆ ಸಾಕಲ್ಲವೆ?

ಅಂಗಡಿಯ ಕಿರ್ದಿ ಪುಸ್ತಕವನ್ನು ಬಲ್ಲವರಿಗೆ ಇದು ಹೊಸದಲ್ಲ. ವರ್ತಕನು ಪೆಟ್ಟಿಗೆಯಲ್ಲಿರುವ ಹಣವನ್ನೆಲ್ಲ ಪ್ರತಿಸಲವೂ ಎಣಿಸಿ ಬರೆಯುವುದಿಲ್ಲ. ಬಂದುದೆಷ್ಟು, ಹೋದುದೆಷ್ಟು ಎಂಬುದನ್ನು ಮಾತ್ರ ಬರೆಯುತ್ತಾನೆ. ಬರವಣಿಗೆ ಉಳಿಯಿತು. ಆದರೆ 23ನೆಯ ತಾರೀಖಿನಂದು ಪೆಟ್ಟಿಗೆಯಲ್ಲಿ ಎಷ್ಟಿತ್ತೆಂದು ಯಾರಾದರೂ ಕೇಳಿದರೆ, ತಿಂಗಳ ಮೊದಲಿನ ಶಿಲ್ಕಿನಿಂದ ಆರಂಭಿಸಿ ಪ್ರತಿಯೊಂದು ಬಾಬನ್ನೂ ಕೂಡಿ ಕಳೆದು ಬರಬೇಕು. ವಿಡಿಯೋದಲ್ಲಿಯೂ ಹಾಗೆಯೇ. ಇಲ್ಲಿ ಮೊದಲಿನ ಶಿಲ್ಕೆಂದರೆ ತನ್ನಷ್ಟಕ್ಕೆ ತಾನೇ ಪೂರ್ಣವಾಗಿ ಬರೆಯಲ್ಪಟ್ಟ ಒಂದು ಚಿತ್ರ. ಅದನ್ನು ಸ್ವಯಂಪೂರ್ಣ ಚಿತ್ರ ಎನ್ನೋಣ; ತಂತ್ರಜ್ಞರು ಐ-ಫ್ರೇಮ್ ಎನ್ನುತ್ತಾರೆ. ಅದರ ಮುಂದಿನವು ಹಿಂದಿನದನ್ನು ನಂಬಿ ನಿಂತ ಅವಲಂಬಿ ಚಿತ್ರಗಳು.

ಇಲ್ಲಿ ಚುರುಕು ಬುದ್ಧಿಯ ವಿದ್ಯಾರ್ಥಿಯೊಬ್ಬನು ಪ್ರಶ್ನಿಸಬಹುದು: ‘ಕಿರ್ದಿಯನ್ನು ತಿಂಗಳ ಕೊನೆಯಿಂದ ಹಿಂದಕ್ಕೂ ಓದಬಹುದಲ್ಲ? ಕೂಡಿದ್ದನ್ನು ಕಳೆದು, ಕಳೆದದ್ದನ್ನು ಕೂಡಿದರಾಯಿತು.’ ಪ್ರಶ್ನೆ ಯುಕ್ತವಾದುದೇ. ಆದರೆ ಹೋಲಿಕೆಯು ಇಲ್ಲಿಗೆ ನಿಲ್ಲುತ್ತದೆ. ಓಡುವ ಬಸ್ಸು ಮರವೊಂದನ್ನು ಮರೆಮಾಡಿತೆನ್ನಿ. ಹೊಸ ಚಿತ್ರವನ್ನು ರಚಿಸುವಾಗ ಹಳೆಯ ಚಿತ್ರದ ಬಸ್ಸನ್ನು ಉಪಯೋಗಿಸಿದೆವು. ಮರದ ಭಾಗವನ್ನು ಬಿಟ್ಟುಬಿಟ್ಟೆವು. ಈಗ ಹೊಸ ಚಿತ್ರ ಮತ್ತು ಸೂಚನೆಗಳು ಮಾತ್ರ ಕೈಯಲ್ಲಿದ್ದರೆ, ಆ ಮರ ಹೇಗಿತ್ತೆಂದು ತಿಳಿಯುವ ಬಗೆಯೇ ಇಲ್ಲ. ಹಿಂದಿನಿಂದ ಮುಂದಿನದನ್ನು ಪಡೆಯಬಹುದು. ಮುಂದಿನಿಂದ ಹಿಂದಿನದನ್ನು ಪಡೆಯಲಾಗದು. ಮಡಕೆ ಒಡೆದಂತೆಯೇ ಇದೂ ಆಯಿತು. ಮಿತವ್ಯಯಕ್ಕಾಗಿ ಕೈಗೊಂಡ ಉಪಾಯವು ಸುರುಳಿಗಿಲ್ಲದಿದ್ದ ಕಾಲದ ದಿಕ್ಕೊಂದನ್ನು ವಿಡಿಯೋಗೆ ತಂದುಕೊಟ್ಟಿತು.

ಇದರ ಬೆಲೆಯೇನು? 12 ಚಿತ್ರಗಳಿಗೆ ಒಂದು ಸ್ವಯಂಪೂರ್ಣ ಚಿತ್ರವಿದೆಯೆಂದೂ ಉಳಿದ 11 ಚಿತ್ರಗಳು ಸರಪಳಿಯ ಕೊಂಡಿಗಳಂತಿವೆಯೆಂದೂ ಭಾವಿಸೋಣ. ಹಿಂದಕ್ಕೆ ತೋರಿಸುವಾಗ 12ನೆಯದಕ್ಕಾಗಿ ಹನ್ನೆರಡನ್ನೂ ಬಿಡಿಸಬೇಕು, 11ನೆಯದಕ್ಕಾಗಿ ಮತ್ತೆ ಹನ್ನೊಂದನ್ನು, ಹೀಗೆ. ಒಟ್ಟು 12ಕ್ಕೆ ಬದಲು 78 ಸಲ ಕೆಲಸ. 250 ಚಿತ್ರಗಳ ಸರಪಳಿಯಾದರೆ 31,375 ಸಲ! ಇದನ್ನು ತಪ್ಪಿಸಲು ಒಮ್ಮೆ ಬಿಡಿಸಿದ ಚಿತ್ರಗಳನ್ನೆಲ್ಲ ಸ್ಮೃತಿಕೋಶದಲ್ಲಿಟ್ಟುಕೊಂಡು ಕಡೆಯಿಂದ ತೋರಿಸಬಹುದು. ಆದರೆ ನಮ್ಮ ಹಿಂದಿನ ಲೆಕ್ಕದಂತೆ 12 ಚಿತ್ರಗಳಿಗೆ ಏಳೂವರೆ ಕೋಟಿ ಬೈಟುಗಳ ಜಾಗ ಸಾಕಾದರೆ, 250ಕ್ಕೆ 155 ಕೋಟಿ ಬೇಕಾಗುತ್ತದೆ. ಸಮಯವನ್ನಾದರೂ ತೆರಬೇಕು, ಇಲ್ಲವೆ ಸ್ಥಳವನ್ನಾದರೂ ತೆರಬೇಕು.

1988ರಲ್ಲಿ ಲಿಯೊನಾರ್ಡೊ ಕಿಯಾರಿಲ್ಯೋನೆ ಮತ್ತು ಹಿರೋಶಿ ಯಾಸುದಾ ಅವರ ಪ್ರಯತ್ನದಿಂದ ಎಂಪೆಗ್ ಎಂಬ ತಜ್ಞರ ಮಂಡಲಿ ಸ್ಥಾಪಿತವಾದಾಗ, ಈ ಸಮಸ್ಯೆ ಅದರ ಮುಂದೆ ಸ್ಪಷ್ಟವಾಗಿಯೇ ಇತ್ತು. ತಟ್ಟೆಯ ಯಾವ ಭಾಗವನ್ನು ಬೇಕಾದರೂ ಸುಮಾರು ಅರ್ಧ ಸೆಕೆಂಡಿನೊಳಗೆ ತಲಪುವಂತಿರಬೇಕು, ವೇಗವಾಗಿ ಹಿಂದುಮುಂದು ಹುಡುಕುವಂತಿರಬೇಕು ಎಂಬುವು ಆ ಮಂಡಲಿ ಹಾಕಿಕೊಂಡ ನಿಬಂಧನೆಗಳಲ್ಲಿ ಸೇರಿದ್ದುವು. ವರ್ತಕನು ವಾರಕ್ಕೊಮ್ಮೆ ಶಿಲ್ಕು ಬರೆಯುವಂತೆ, ಸುಮಾರು ಅರ್ಧ ಸೆಕೆಂಡಿಗೊಂದು ಸ್ವಯಂಪೂರ್ಣ ಚಿತ್ರವನ್ನಿಡುವುದು ರೂಢಿಯಾಯಿತು. ಹುಡುಕುವಾಗ ಇವುಗಳನ್ನು ಮಾತ್ರ ತೋರಿಸಿದರೆ ಕೆಲಸ ಹಗುರ. 1993ರಲ್ಲಿ ಪ್ರಕಟವಾದ ಇವರ ಮೊದಲ ಮಾನಕದಲ್ಲಿ, ಚೌಕಕ್ಕೊಂದು ಸರಾಸರಿ ಬಣ್ಣವನ್ನು ಮಾತ್ರ ಹೇಳುವ ಒರಟು ಚಿತ್ರಗಳಿಗೂ ಅವಕಾಶವಿತ್ತು. ವೇಗವಾಗಿ ಕಣ್ಣಾಡಿಸಲು ಅವು ಸಾಕೆಂದು ಎಣಿಸಿದ್ದರು. ಆದರೆ ಅವು ಬಳಕೆಗೆ ಬಂದುದು ಕಡಮೆ.

ಸ್ವಯಂಪೂರ್ಣ ಚಿತ್ರಗಳನ್ನಷ್ಟೇ ತೋರಿಸುವುದರಿಂದ ನೆಗೆತ ಉಂಟಾಗುತ್ತದೆ. ಓಟದ ನಯ ಬರುವುದಿಲ್ಲ. ಅವು ಗಾತ್ರದಲ್ಲಿ ಉಳಿದವಕ್ಕಿಂತ ದೊಡ್ಡವಾದುದರಿಂದ ಒಂದರ ಹಿಂದೊಂದರಂತೆ ಬೇಗನೆ ಓದುವುದೂ ಕಷ್ಟ. ಹಾಗಾದರೆ ನಯವಾದ ವೇಗಗತಿಗೆ ದಾರಿಯೇನು? ಅವಲಂಬನೆಯ ಕ್ರಮವನ್ನೇ ಬದಲಾಯಿಸುವುದು. ಒಂದು ಚಿತ್ರವು ತನ್ನ ಹಿಂದಿನದನ್ನು ಮಾತ್ರವಲ್ಲದೆ ಮುಂದಿನದನ್ನೂ ಆಶ್ರಯಿಸಬಹುದು. 0 ಮತ್ತು 16ನೆಯ ಚಿತ್ರಗಳನ್ನು ಮೊದಲು ಬರೆಯೋಣ. ಅವೆರಡರ ಆಧಾರದಿಂದ 8ನೆಯದನ್ನು. ಅನಂತರ 4 ಮತ್ತು 12ನೆಯವನ್ನು. ಆಮೇಲೆ 2, 6, 10, 14ನೆಯವನ್ನು. ಕಟ್ಟಕಡೆಗೆ ಬೆಸ ಸಂಖ್ಯೆಯವನ್ನು. ಈಗ ನಾಲ್ಮಡಿ ವೇಗ ಬೇಕಾದರೆ 0, 4, 8, 12, 16 ಇವನ್ನು ಮಾತ್ರ ಬಿಡಿಸಿದರಾಯಿತು, ನಡುವಿನವನ್ನು ಮುಟ್ಟಬೇಕಾಗಿಲ್ಲ. ಇಮ್ಮಡಿ, ಎಂಟ್ಮಡಿ ವೇಗಗಳೂ ಹೀಗೆಯೇ. ಸರಪಳಿಯಲ್ಲಿ 15ನೆಯ ಚಿತ್ರವನ್ನು ತಲಪಲು 16 ಚಿತ್ರಗಳನ್ನು ಬಿಡಿಸಬೇಕಿತ್ತು. ಇಲ್ಲಿ 0, 16, 8, 12, 14, 15 ಎಂಬ ಆರೇ ಸಾಕು. ಸರಪಳಿಯು ಮರವಾಯಿತು. ಕೊಂಡಿಯಿಂದ ಕೊಂಡಿಗೆ ತೆವಳುವ ಬದಲು ಕೊಂಬೆಯಿಂದ ಕೊಂಬೆಗೆ ಹಾರಬಹುದು. 2003ರಲ್ಲಿ ಪ್ರಕಟವಾದ ಎಚ್.264 ಮಾನಕವು ಈ ಬಗೆಯ ಜೋಡಣೆಗೆ ಅನುವು ಮಾಡಿಕೊಟ್ಟಿತು. ಇದರಲ್ಲಿ ಉಳಿತಾಯವೂ ಚೆನ್ನಾಗಿಯೇ ಆಗುತ್ತದೆ. ಆದರೆ 16ನೆಯ ಚಿತ್ರ ಬರುವವರೆಗೆ 1ನೆಯದು ಕಾಯಬೇಕಾದುದರಿಂದ, ಮುಖಾಮುಖಿ ಮಾತುಕತೆಯಂಥ ಬಳಕೆಗಳಿಗೆ ಇದು ಒಗ್ಗುವುದಿಲ್ಲ.

ಆದುದರಿಂದ ಎಲ್ಲರಿಗೂ ಸಲ್ಲುವ ಒಂದೇ ಕ್ರಮವೆಂಬುದಿಲ್ಲ. 2005ರಲ್ಲಿ ರೂಪುಗೊಂಡ ಡಿಜಿಟಲ್ ಸಿನಿಮಾ ನಿಯಮಗಳು ಪ್ರತಿಯೊಂದು ಚಿತ್ರವನ್ನೂ ಸ್ವಯಂಪೂರ್ಣವಾಗಿಯೇ ಇಟ್ಟಿವೆ. ಚಿತ್ರಸಂಕಲನ ಮಾಡುವವರೂ ಬಹುಮಟ್ಟಿಗೆ ಇದನ್ನೇ ಮೆಚ್ಚುತ್ತಾರೆ. ಜಾಗ ಹೆಚ್ಚು ಹೋದರೂ ಚಿಂತೆಯಿಲ್ಲ. ಕ್ರಿಕೆಟ್ಟಿನ ಮೂರನೆಯ ಅಂಪೈರನ್ನು ನೆನೆಯಿರಿ. 1992ರ ನವೆಂಬರಿನಲ್ಲಿ ಡರ್ಬನ್ ಟೆಸ್ಟಿನಲ್ಲಿ ಸಚಿನ್ ತೆಂಡೂಲ್ಕರ್ ರನ್ ಔಟ್ ಆದುದು ಟೆಲಿವಿಷನ್ ಚಿತ್ರವನ್ನು ನೋಡಿ ಕೊಟ್ಟ ಇಂಥ ಮೊದಲ ತೀರ್ಪು. ಬ್ಯಾಟು ಗೆರೆಯನ್ನು ಮುಟ್ಟಿದುದು ಯಾವ ಚಿತ್ರದಲ್ಲಿ, ಬೇಲ್ಸ್ ಎದ್ದುದು ಯಾವ ಚಿತ್ರದಲ್ಲಿ ಎಂದು ಒಂದೊಂದೇ ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ ನೋಡಬೇಕಾದವನಿಗೆ, ನೆಗೆದು ಹೋಗುವ ಚಿತ್ರದಿಂದ ಏನು ಪ್ರಯೋಜನ? ಇತ್ತ ಅಂತರ್ಜಾಲದಲ್ಲಿ ಪಾಠವೊಂದನ್ನು ಕೇಳುವ ಹಳ್ಳಿಯ ವಿದ್ಯಾರ್ಥಿಗೆ ಒಂದೊಂದು ಬೈಟಿಗೂ ಬೆಲೆಯುಂಟು. ಆತನಿಗೆ ಉದ್ದನೆಯ ಸರಪಳಿಯೇ ಅಗ್ಗ. ಆದರೆ ಅರ್ಥವಾಗದ ಹೆಜ್ಜೆಯನ್ನು ಮತ್ತೆ ನೋಡಲು ಹಿಂದಕ್ಕೆಳೆದಾಗ ತಡವರಿಕೆಯನ್ನು ಸಹಿಸಬೇಕಾದವನೂ ಆತನೇ. ಉಳಿತಾಯಕ್ಕೂ ಸ್ವಾತಂತ್ರ್ಯಕ್ಕೂ ನಡುವೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ನೋಡುವವನ ಅಗತ್ಯವೇ ನಿರ್ಧರಿಸಬೇಕು.

ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಫೋನಿನಲ್ಲಿ ಯಾವುದಾದರೂ ವಿಡಿಯೋವನ್ನು ತೆರೆದು, ಅದರ ಕೆಳಗಿನ ಗೆರೆಯ ಮೇಲೆ ಬೆರಳನ್ನು ಮೆಲ್ಲಗೆ ಹಿಂದಕ್ಕೆ ಜರುಗಿಸಿರಿ. ಚಿತ್ರವು ನೆಗೆನೆಗೆದು ಕೆಲವು ಸ್ಥಾನಗಳಲ್ಲಿ ಮಾತ್ರ ನಿಲ್ಲುವುದಾದರೆ, ಅವು ಬಹುಶಃ ಶಿಲ್ಕು ಬರೆದಿಟ್ಟ ಪುಟಗಳು. ಎರಡು ನಿಲುಗಡೆಗಳ ನಡುವಣ ಸೆಕೆಂಡುಗಳನ್ನು ಎಣಿಸಿದರೆ, ಆ ವಿಡಿಯೋವನ್ನು ಅಡಕಗೊಳಿಸಿದವರು ಎಷ್ಟು ಉಳಿಸಲೆಳಸಿದರೆಂಬುದರ ಸ್ಥೂಲವಾದ ಅಂದಾಜು ದೊರೆಯುತ್ತದೆ.