ನಿಮಗಿದು ಗೊತ್ತೇ? ಮನಸ್ಸಿನ ಒತ್ತಡ, ಮೈಮೇಲೆ ಸೋರಿಯಾಸಿಸ್

ಸೋರಿಯಾಸಿಸ್ ಅಂಟುರೋಗವಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಹರಡುವುದಿಲ್ಲ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ.

ಚರ್ಮದ ಮೇಲ್ಪದರ ಹೊಸದಾಗಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ 3ರಿಂದ 5 ದಿನ ಸಾಕು! ಹಳೆಯದು ಉದುರುವ ಮೊದಲೇ ಹೊಸದು ಬಂದು ಪೇರುತ್ತದೆ. ಮೊಣಕೈ, ಮಂಡಿ, ನೆತ್ತಿಯ ಮೇಲೆ ಬೆಳ್ಳಿಬಣ್ಣದ ಹೊಟ್ಟು ಏಳುವುದು ಹೀಗೆ.

ತಾಯಿಯ ಗರ್ಭದಲ್ಲಿ ಮಿದುಳು, ನರಗಳು, ಚರ್ಮದ ಹೊರಪದರ ಮೂರೂ ಮೂಡುವುದು ಭ್ರೂಣದ ಒಂದೇ ಪದರದಿಂದ. ಹುಟ್ಟಿದ ಮೇಲೂ ಆ ನಂಟು ಕಡಿಯುವುದಿಲ್ಲ. ಚಿಂತೆ ಹೆಚ್ಚಿದಾಗ ಚರ್ಮದಲ್ಲಿರುವ ನರತುದಿಗಳು ‘ಸಬ್‌ಸ್ಟೆನ್ಸ್ ಪಿ’ಯಂಥ ರಾಸಾಯನಿಕಗಳನ್ನು ಬಿಡುತ್ತವೆ. ಅವು ರೋಗನಿರೋಧಕ ಕಣಗಳನ್ನು ಕೆರಳಿಸಿ ಉರಿಯೂತ ಏರಿಸುತ್ತವೆ. ನರಕ್ಕೆ ಪೆಟ್ಟು ಬಿದ್ದು ಸ್ಪರ್ಶಜ್ಞಾನ ಹೋದ ಭಾಗದಲ್ಲಿ ಸೋರಿಯಾಸಿಸ್ ತಾನಾಗಿ ಮಾಯವಾದ ಪ್ರಕರಣಗಳನ್ನೂ ವೈದ್ಯರು ದಾಖಲಿಸಿದ್ದಾರೆ.

ಹಾಗೆಂದು ಟೆನ್ಷನ್ನೇ ರೋಗದ ಬೇರು ಎನ್ನಲಾಗದು. ಬೇರು ಇರುವುದು ವಂಶವಾಹಿಯಲ್ಲಿ, ರೋಗನಿರೋಧಕ ವ್ಯವಸ್ಥೆಯ ಏರುಪೇರಿನಲ್ಲಿ. ಒತ್ತಡ ಅದನ್ನು ಕೆದಕುತ್ತದೆ, ಅಡಗಿದ್ದನ್ನು ಎಬ್ಬಿಸುತ್ತದೆ. “ನೀನು ಚಿಂತೆ ಮಾಡಿಕೊಂಡಿದ್ದಕ್ಕೇ ಬಂತು” ಎಂದು ರೋಗಿಯನ್ನೇ ದೂರುವುದು ತಪ್ಪು, ಕ್ರೂರವೂ ಹೌದು.

ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲು ಹಿಡಿಯುವವರು, ವಸಂತನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮಾಡುವವರು, ಕೊಬ್ಬರಿ ಬೆಲೆ ಬಿದ್ದಾಗ ಕಣ್ಣು ಮುಚ್ಚದ ಗುಬ್ಬಿಯ ತೆಂಗು ಬೆಳೆಗಾರರು ಗಮನಿಸಿ: ನಿದ್ದೆಗೇಡು ಕೂಡ ಒತ್ತಡವೇ. ಚರ್ಮದ ಡಾಕ್ಟರ ಮುಂದೆ ಅದನ್ನೂ ಹೇಳಿ.

ತರಚಿದ ಕಡೆಯೇ ಹೊಸ ಮಚ್ಚೆ ಏಳಬಹುದು. 19ನೇ ಶತಮಾನದಲ್ಲೇ ಇದನ್ನು ಗುರುತಿಸಿದವರು ಜರ್ಮನಿಯ ವೈದ್ಯ ಹೈನ್ರಿಶ್ ಕೋಬ್ನರ್. ಕುಣಿಗಲ್ ಕಡೆ ರಾಗಿ ಕೊಯ್ಯುವಾಗ ಕುಡುಗೋಲು ಗೀರಿದರೂ ಸಾಕು. ಬೇಸರದಲ್ಲಿ, ಸಿಟ್ಟಿನಲ್ಲಿ ಪರಪರ ಕೆರೆದುಕೊಂಡರೆ ಆಗುವುದೂ ಇದೇ.

1998ರಲ್ಲಿ ಅಮೆರಿಕದಲ್ಲಿ ಸಂಶೋಧಕ ಜಾನ್ ಕಬಾಟ್-ಜಿನ್ ಅವರ ತಂಡ 37 ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿತು. ಬೆಳಕಿನ ಚಿಕಿತ್ಸೆ ಪಡೆಯುತ್ತಲೇ ಧ್ಯಾನದ ಕ್ಯಾಸೆಟ್ ಕೇಳಿದವರ ಚರ್ಮ, ಕೇಳದವರಿಗಿಂತ ಸುಮಾರು ನಾಲ್ಕು ಪಟ್ಟು ಬೇಗ ತಿಳಿಯಾಯಿತು. ಅಧ್ಯಯನ ಚಿಕ್ಕದು, ನಿಜ. ಅಲ್ಲಿ ಧ್ಯಾನ ಚಿಕಿತ್ಸೆಯ ಜೊತೆಗಿತ್ತು, ಚಿಕಿತ್ಸೆಯ ಬದಲಿಗಲ್ಲ.

ಸ್ಟೀರಾಯ್ಡ್ ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಸೋರಿಯಾಸಿಸ್ ಮೈತುಂಬ ಹರಡಿ ಜೀವಕ್ಕೇ ಅಪಾಯವಾದೀತು. ಏನು ಬೆರೆಸಿದ್ದಾರೆಂದು ತಿಳಿಯದ ಪುಡಿ, ಗುಳಿಗೆ ಬೇಡವೇ ಬೇಡ; ಅದರಲ್ಲೂ ಸ್ಟೀರಾಯ್ಡ್ ಇರಬಹುದು.

ಈ ರೋಗಿಗಳನ್ನು ಸಮಾಜ ದೂರವಿಡುವುದನ್ನು ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲೇ ನಿರ್ಣಯ ಮಾಡಿವೆ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವುದು, ಮದುವೆಮನೆ ಪಂಕ್ತಿಯಲ್ಲಿ ಸರಿದು ಕೂರುವುದು ರೋಗಿಗೆ ಹೊಸ ಒತ್ತಡ; ಆ ಒತ್ತಡದಿಂದ ಮತ್ತೆ ಹೊಟ್ಟು. ದಯವಿಟ್ಟು ಸರಿಯಬೇಡಿ, ಪಕ್ಕದಲ್ಲೇ ಕುಳಿತು ಊಟ ಮಾಡಿ. ಮನಸ್ಸು ತಡೆಯದಷ್ಟು ಭಾರವಾದವರು ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎನ್ನದೆ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.